ಅರ್ಧಿಂಚಜ್ಜಿ ಒಡೆದ ಗೋಡೆ

ಕೇಳಿರಿ, ಪ್ರಿಯರೇ. ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಪಕ್ಕಕ್ಕಿಟ್ಟು ಇತ್ತ ಕಿವಿಗೊಡಿರಿ. ಅರಮನೆ ಕಟ್ಟಿಸಿದವರ ಕಥೆ ನಿಮಗೆ ಬೇಕಾದಷ್ಟು ಗೊತ್ತು. ಇದು ಪರರ ಪುಟ್ಟ ಮನೆಗಳಿಗೆ ಇಟ್ಟಿಗೆ ಹೊತ್ತ ಒಬ್ಬ ದರ್ಜಿ ಹೆಂಗಸಿನ ಕಥೆ. ಐವತ್ತೊಂದು ವರ್ಷಗಳಲ್ಲಿ ನಲವತ್ತಮೂರು ಮನೆಗಳ ಗೋಡೆಗೆ ಆಕೆಯ ಕೈ ತಾಗಿದೆ. ಅಷ್ಟರಲ್ಲಿ ತಾನೇ ಕಟ್ಟಿ ತಾನೇ ಒಡೆದದ್ದು ಒಂದೇ ಒಂದು. ಆ ನಲವತ್ತಮೂರು ಮನೆಗಳಿಗಿಂತ ಆ ಒಂದು ಒಡೆದ ಗೋಡೆಯ ಬಗ್ಗೆಯೇ ನಮಗೆ ಹೆಚ್ಚು ಹೆಮ್ಮೆ. ಅದೇಕೆಂದು ಹೇಳುತ್ತೇನೆ.

ಆಕೆ ಮೊದಲ ಇಟ್ಟಿಗೆ ಎತ್ತಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಇಕ್ಕಟ್ಟಾದ ಬೀದಿಯೊಂದರ ಹೊಲಿಗೆ ಅಂಗಡಿಯಲ್ಲಿ ಆಗ ಕೆಲಸಕ್ಕಿದ್ದಳು. ಮೂರು ಮಷೀನು, ಒಂದೇ ಕಿಟಕಿ. ಕಿಟಕಿಯ ಬೆಳಕು ಬೀಳುವ ಮಷೀನು ಒಡತಿಯದು, ಗೋಡೆಗೆ ಮುಖಮಾಡಿದ ಮಷೀನು ಈಕೆಯದು. ಮನೆಯಿಲ್ಲದವರಿಗೆ ಪ್ರತಿ ಶನಿವಾರ ಕೈದುಡಿಮೆಯಿಂದ ಮನೆ ಕಟ್ಟಿಕೊಡುವ ಒಂದು ಸಂಘ ಆ ಊರಿನಲ್ಲಿತ್ತು. ಪ್ರಾರ್ಥನೆ ಮುಗಿದ ಹೊತ್ತಿನ ಉತ್ಸಾಹದಲ್ಲಿ ಒಡತಿ ಅಲ್ಲಿ ತನ್ನ ಹೆಸರು ಬರೆಸಿ ಬಂದಿದ್ದಳು. ಶನಿವಾರ ಬಂದೊಡನೆ ಆಕೆಗೆ ಸೊಂಟ ನೆನಪಾಯಿತು.

"ನನಗೆ ಸೊಂಟ ಹಿಡ್ಕೊಂಡಿದೆ ಕಣೇ. ನನ್ನ ಬದಲು ನೀನು ಹೋಗಿ ಬಾ. ದೇವರು ಕೈ ನೋಡ್ತಾನೆ, ಮುಖ ನೋಡಲ್ಲ."

ಹೀಗೆ, ಪುಣ್ಯದ ಹಂಬಲದಿಂದಲ್ಲ, ಇನ್ನೊಬ್ಬರ ಸೊಂಟನೋವಿನಿಂದ ಆಕೆ ಆ ದಾರಿ ಹಿಡಿದಳು. ಭಗವಂತ ನಮ್ಮನ್ನು ಎಳೆದುಕೊಳ್ಳಲು ಎಂತೆಂಥ ಹಗ್ಗಗಳನ್ನು ಬಳಸುತ್ತಾನೋ ಬಲ್ಲವರಾರು!

ಅಲ್ಲಿ ಕೆಲಸ ನಡೆಸುತ್ತಿದ್ದವನು ಹುಬ್ಬಿನ ಮೇಲೆಲ್ಲ ಸಿಮೆಂಟಿನ ಧೂಳು ಕೂತ ಒಬ್ಬ ಮೇಸ್ತ್ರಿ. ಜೊತೆಗೆ ಈಕೆಗಿಂತ ಎರಡು ವರ್ಷ ದೊಡ್ಡವನಾದ ಒಬ್ಬ ಬಡಗಿ, ಮಾತಿನಲ್ಲಿ ಮಹಾ ಚುರುಕು. ಹೊಲಿಯುವವಳೆಂದು ತಿಳಿದೊಡನೆ ಬಡಗಿ ಹನ್ನೆರಡು ಹಲಗೆಗಳನ್ನು ಮುಂದೆ ಹರಡಿ, ಕಿಟಕಿ ಬಾಗಿಲಿಗೆ ಇಂತಿಷ್ಟು ಉದ್ದ ಬೇಕು, ಗುರುತು ಹಾಕು ಎಂದ. ಆಕೆ ಹಾಕಿದಳು. ಆತ ಕೊಯ್ದ. ಕೂರಿಸಲು ಹೋದರೆ ಹನ್ನೆರಡರಲ್ಲಿ ಒಂದೂ ಕೂರಲಿಲ್ಲ.

"ಯಾರಮ್ಮ ಗುರುತು ಹಾಕಿದ್ದು?" ಎಂದ ಮೇಸ್ತ್ರಿ.

"ನಾನೇ. ಅವರು ಹೇಳಿದ ಅಳತೆಗೇ ಹಾಕಿದ್ದೀನಿ. ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟಿದ್ದೀನಿ, ಅಷ್ಟೇ."

ಬಡಗಿ ಗರಗಸವನ್ನು ಕೆಳಗಿಟ್ಟು ನೆಲದ ಮೇಲೆಯೇ ಕುಳಿತುಬಿಟ್ಟ. "ಹೊಲಿಗೆಗಾ! ಹಲಗೇನ ಮಡಿಚಿ ಹೊಲೀತೀಯೇನಮ್ಮ? ಗುಂಡಿ ಎಲ್ಲಿಡ್ತೀಯಾ, ಅದನ್ನೂ ಹೇಳಿಬಿಡು!" ಅಲ್ಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂದಿನಿಂದ ಆಕೆಯ ಹೆಸರು 'ಅರ್ಧಿಂಚು'. ವಯಸ್ಸು ಏರಿದಂತೆ ಆ ಹೆಸರಿಗೆ ಬಾಲ ಬೆಳೆಯಿತು: ಅರ್ಧಿಂಚಕ್ಕ, ಅರ್ಧಿಂಚಮ್ಮ, ಕೊನೆಗೆ ಅರ್ಧಿಂಚಜ್ಜಿ.

ನಗು ಆಕೆಯನ್ನು ಚುಚ್ಚಿತು. ಮುಖ ಕೆಂಪಗೆ ಮಾಡಿಕೊಂಡು, "ಪರವಾಗಿಲ್ಲ ಬಿಡಿ, ಒತ್ತಿ ಕೂರಿಸಿದ್ರೆ ಕೂರುತ್ತೆ. ಹೇಗೂ ಬಿಟ್ಟಿ ಮನೆ ತಾನೇ?" ಎಂದುಬಿಟ್ಟಳು.

ಮೇಸ್ತ್ರಿಯ ನಗು ನಿಂತಿತು. ಕರಣೆಯನ್ನು ಇಟ್ಟಿಗೆಯ ಮೇಲೆ ಮೆಲ್ಲನೆ ಇಟ್ಟ.

"ಬಿಟ್ಟಿ ಮನೆ ಅಂತ ಮಳೆಗೆ ಗೊತ್ತೇನಮ್ಮ? ಗಾಳಿಗೆ ಯಾರಾದ್ರೂ ಹೇಳಿದ್ದಾರಾ, ಇದು ಬಿಟ್ಟಿ, ಸ್ವಲ್ಪ ಮೆತ್ತಗೆ ಬೀಸು ಅಂತ? ನೋಡು, ಇಲ್ಲಿ ಹಾಡು, ಜಗಳ ಆಡು, ಬೇಕಾದ್ರೆ ನನ್ನನ್ನೇ ಬಯ್ಯಿ. ಪರವಾಗಿಲ್ಲ ಅನ್ನೋ ಮಾತೊಂದು ಮಾತ್ರ ಆಡೋ ಹಾಗಿಲ್ಲ. ಆಡಿದವರು ಹತ್ತು ಬುಟ್ಟಿ ಮರಳು ಹೊರಬೇಕು. ಹೊರು."

ಆಕೆ ಹೊತ್ತಳು. ಮರುದಿನ ಕತ್ತರಿ ಎತ್ತಲೂ ತೋಳು ಏಳಲಿಲ್ಲ. ಆದರೆ ಮುಂದಿನ ಶನಿವಾರ ಯಾರೂ ಕಳುಹಿಸದೆ ತಾನಾಗಿಯೇ ಹೋದಳು. ಹೆಸರೂ ತಿಳಿಯದ ಒಂದು ಬಡ ಸಂಸಾರದ ಕಿಟಕಿಗಾಗಿ ಆ ಮನುಷ್ಯ ಅಷ್ಟು ಸಿಟ್ಟಾದನಲ್ಲ, ಆ ಸಿಟ್ಟು ಆಕೆಯ ಎದೆಯೊಳಗೆ ಇಳಿದಿತ್ತು. ಪ್ರಿಯರೇ, ನಾವು ದಿನಕ್ಕೆ ನೂರು ಬಾರಿ ಆಡುವ ಆ ಮೆತ್ತನೆಯ ಮಾತನ್ನು ಕೆಲಸದ ಜಾಗದಿಂದ ಹೊರಗಟ್ಟಿದ ಜನ ಅವರು. ಊರಿನ ಗಣ್ಯರೊಬ್ಬರು ಒಮ್ಮೆ ಸೌಜನ್ಯಕ್ಕೆ ಹಾಗೆಂದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಮರಳು ಹೊತ್ತದ್ದುಂಟು.

ವರ್ಷಗಳು ಸಾಗಿದವು. ಗಡಿಯಾರ ರಿಪೇರಿ ಮಾಡುವ ಒಬ್ಬ ಸಾಧು ಮನುಷ್ಯನನ್ನು ಆಕೆ ಮದುವೆಯಾದಳು. ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಒಂದು ಬದಿಗೆ ಆತನ ಭೂತಗನ್ನಡಿ, ಚಿಮುಟ. ಇನ್ನೊಂದು ಬದಿಗೆ ಈಕೆಯ ಮಷೀನು. ನಡುವೆ ಇಬ್ಬರು ಹೆಣ್ಣುಮಕ್ಕಳ ಪಾಠ, ಜಗಳ, ಜಡೆ. ಎರಡನೆಯವಳು ಹೊಟ್ಟೆಯಲ್ಲಿದ್ದಾಗ ಇಟ್ಟಿಗೆ ಎತ್ತಬೇಡವೆಂದು ಎಲ್ಲರೂ ಗದರಿದ್ದಕ್ಕೆ, ಮಣೆ ಹಾಕಿಕೊಂಡು ಮರಳಿಗೆ ಜರಡಿ ಹಿಡಿದಳು.

ಗಂಡ ಆಗಾಗ ಕೆಣಕುವನು: "ಊರಿಗೆಲ್ಲ ಮನೆ ಕಟ್ತೀಯಲ್ಲೇ, ಅದರಲ್ಲಿ ಎಲ್ಲಾದ್ರೂ ನಮಗೆ ಅಂತ ಒಂದು ಮೂಲೆ ಇದೆಯಾ?"

"ಮೂಲೆಗೇನು ಕಮ್ಮಿ? ನಾನು ಕಟ್ಟಿದ ಮೂಲೆ ಎಲ್ಲಾ ನನ್ನವೇ. ನೆಟ್ಟಗಿವೆ, ನಿಮ್ಮ ಹಾಗಲ್ಲ."

ಅದು ಬರಿಯ ಬಾಯಿಮಾತಲ್ಲ. ಗೋಡೆ ಕಟ್ಟುವಾಗ ಮೊದಲು ಏಳುವುದು ಎರಡು ತುದಿಯ ಮೂಲೆಗಳು. ಅವುಗಳ ನಡುವೆ ದಾರ ಬಿಗಿದು ಉಳಿದವರು ಇಟ್ಟಿಗೆ ಇಡುತ್ತಾರೆ. ಮೂಲೆ ತಪ್ಪಿದರೆ ಇಡೀ ಗೋಡೆ ತಪ್ಪುತ್ತದೆ. ಆದ್ದರಿಂದ ಮೂಲೆ ಹಿಡಿಯುವುದು ಪಳಗಿದ ಕೈಗೆ ಮಾತ್ರ ಸಲ್ಲುವ ಮಾನ. ಆಕೆಗೆ ಮೂವತ್ತಾರು ತುಂಬಿದ ವರ್ಷ, ಕೈನಡುಕ ಬಂದ ಮೇಸ್ತ್ರಿ ಎಲ್ಲರ ಮುಂದೆ, "ಇನ್ನು ಮೂಲೆ ಅರ್ಧಿಂಚಕ್ಕಂದು" ಎಂದುಬಿಟ್ಟ. ಆಕೆ ಅಂದು ಮನೆಗೆ ಹೋಗಿ ಅಡುಗೆ ಮಾಡುವುದನ್ನೇ ಮರೆತಳು. ಗಂಡ ತಾನೇ ಒಲೆ ಹಚ್ಚಿದ.

ಆ ಗಂಡ ಆಕೆಯ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಎರಡು ವರ್ಷ ಆಕೆ ಶನಿವಾರವೂ ಮಷೀನಿನಿಂದ ತಲೆ ಎತ್ತಲಿಲ್ಲ. ಒಂದು ದಿನ ಬಡಗಿ ಬಂದು ಬಾಗಿಲಲ್ಲಿ ನಿಂತ. ಆತನ ತಲೆಯೂ ಬೆಳ್ಳಗಾಗಿತ್ತು, ನಾಲಿಗೆ ಮಾತ್ರ ಹಾಗೆಯೇ ಇತ್ತು.

"ಅಳ್ಬೇಡ ಅನ್ನಲ್ಲಮ್ಮ. ವಾರದಲ್ಲಿ ಆರು ದಿನ ಇದೆ, ಧಾರಾಳವಾಗಿ ಅಳು. ಶನಿವಾರ ಒಂದು ನಮಗೆ ಬಿಟ್ಟುಕೊಡು. ನಿನ್ನ ಜಾಗದಲ್ಲಿ ನಿಂತೋನು ಗೋಡೇನ ಬಾಳೆಹಣ್ಣು ಮಾಡಿಟ್ಟಿದ್ದಾನೆ."

ಆಕೆ ಎರಡು ವರ್ಷದ ಮೇಲೆ ಮೊದಲ ಬಾರಿ ನಕ್ಕಳು. ನಕ್ಕು, ಎದ್ದು, ಚಪ್ಪಲಿ ಮೆಟ್ಟಿದಳು.

ಈಗ ಆ ಗೋಡೆಯ ವಿಷಯಕ್ಕೆ ಬರೋಣ. ಆಕೆಗೆ ಎಪ್ಪತ್ತಾಗಿತ್ತು. ಏಣಿ ಹತ್ತುವುದನ್ನು ಮಂಡಿಗಳು ಬೇಡವೆಂದಿದ್ದವು. ಆ ವರ್ಷ ಸಂಘ ಕೈಗೆತ್ತಿಕೊಂಡದ್ದು ಒಬ್ಬ ಮಾಜಿ ಬಸ್ ಕಂಡಕ್ಟರಮ್ಮನ ಮನೆ. ಇಪ್ಪತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ದುಡಿದ ಹೆಂಗಸು. ಎರಡು ವರ್ಷದ ಹಿಂದೆ ಅಪಘಾತದಲ್ಲಿ ಎರಡೂ ಕಾಲುಗಳ ಬಲ ಹೋಗಿ, ಗಾಲಿಕುರ್ಚಿ ಹಿಡಿದಿದ್ದಳು. ಒಬ್ಬಳೇ ಮಗಳು. ಇಬ್ಬರೂ ಇದ್ದದ್ದು ಎರಡನೆಯ ಮಹಡಿಯ ಒಂದು ಬಾಡಿಗೆ ಕೋಣೆಯಲ್ಲಿ. ಮಗಳು ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿಸಬೇಕಾಗಿತ್ತು.

ಹೊಸ ಮನೆ ನೆಲಮಟ್ಟದ್ದು, ಮುಂಬಾಗಿಲು ಅಗಲವಾದದ್ದು. ಒಳಗಿನ ಬಚ್ಚಲ ಗೋಡೆ ಮತ್ತು ಅದರ ಬಾಗಿಲಿನ ಹೊಣೆ ಅಜ್ಜಿಯದು. ಏಣಿಯ ಕೆಲಸ ಅಲ್ಲಿ ಕಡಿಮೆ. ಸಾಮಾನ್ಯವಾಗಿ ಎರಡಡಿಯ ಬಾಗಿಲು ಸಾಕು, ಇಲ್ಲಿ ಕುರ್ಚಿ ಹೋಗಬೇಕು. ಆ ದಿನ ಕುರ್ಚಿಯ ಗಾಲಿ ಕೆಟ್ಟು ಸೈಕಲ್ ಅಂಗಡಿಯಲ್ಲಿತ್ತು. ಅಜ್ಜಿ ಟೇಪು ಹಿಡಿದು ಅಲ್ಲಿಗೇ ನಡೆದಳು, ಅಳೆದಳು, ಬಂದಳು.

"ಇಪ್ಪತ್ತಾರು ಇಂಚು. ಎರಡೂ ಕಡೆ ಅರ್ಧರ್ಧ ಬಿಟ್ಟು, ಒಳಗಡೆ ಇಪ್ಪತ್ತೇಳು ಬರೋ ಹಾಗೆ ಚೌಕಟ್ಟು ಮಾಡು."

"ಇಷ್ಟು ವರ್ಷಕ್ಕೆ ನೀನು ಹೊಲಿಗೆಗೆ ಬಿಟ್ಟಿದ್ದು ಸರಿಹೋಯ್ತು ನೋಡು," ಎಂದ ಬಡಗಿ.

ಗೋಡೆ ಎದ್ದಿತು. ತೂಗುಗುಂಡು ಇಳಿಬಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಭಾನುವಾರ ಮನೆ ಒಪ್ಪಿಸುವ ದಿನವೆಂದು ಗೊತ್ತಾಯಿತು. ಅದೇ ದಿನ ಅಜ್ಜಿಗೆ ಸನ್ಮಾನ. ಸಂಘದ ಕಾರ್ಯದರ್ಶಿ, ಎಲ್ಲರೂ ಮೇಷ್ಟ್ರೆಂದು ಕರೆಯುವ ನಿವೃತ್ತ ಉಪಾಧ್ಯಾಯರು, ಹಿತ್ತಾಳೆಯ ಫಲಕವನ್ನೂ ಕೆತ್ತಿಸಿದ್ದರು: 'ಐವತ್ತೊಂದು ವರ್ಷ, ಅಳತೆ ತಪ್ಪದ ಕೈ'.

ಆ ಬುಧವಾರ ಹಬ್ಬದ ರಜೆ, ಉಳಿದ ಕೆಲಸ ಮುಗಿಸಲು ಎಲ್ಲರೂ ಸೇರಿದ್ದರು. ಮಧ್ಯಾಹ್ನ ಕಂಡಕ್ಟರಮ್ಮ ಮನೆ ನೋಡಲು ಬಂದಳು. ಮಗಳು ಕುರ್ಚಿಯನ್ನು ಒಳಕ್ಕೆ ತಳ್ಳಿ, ಹಿತ್ತಲ ನಲ್ಲಿ ನೋಡಲು ಹೋದಳು. ಸ್ವಲ್ಪ ಹೊತ್ತಿಗೆ ಕಂಡಕ್ಟರಮ್ಮ ತಾನೇ ಗಾಲಿ ತಿರುಗಿಸಿಕೊಂಡು ಹೊರಗೆ ಬಂದಳು.

"ತುಂಬಾ ಚೆನ್ನಾಗಿದೆ. ಎಲ್ಲಾ ಚೆನ್ನಾಗಿದೆ. ನಿಮ್ಮ ಋಣ ಹೇಗೆ ತೀರಿಸ್ಲಿ?"

ಎಲ್ಲರ ಮುಖವೂ ಅರಳಿತು. ಅಜ್ಜಿಯ ಕಣ್ಣು ಮಾತ್ರ, ದರ್ಜಿಯ ಕಣ್ಣಲ್ಲವೇ, ಬಟ್ಟೆಯ ಮೇಲೆ ಹೋಯಿತು. ಹೆಗಲ ವಸ್ತ್ರದ ಅಂಚನ್ನು ಆ ಹೆಂಗಸು ಬಲಗೈಗೆ ಸುತ್ತಿಕೊಂಡಿದ್ದಳು. ಅಂಚಿನಲ್ಲಿ ಕೆಂಪು ಒಸರಿತ್ತು.

"ಕೈಗೇನಾಯ್ತು, ಕಂಡಕ್ಟರಮ್ಮ?"

"ಏನಿಲ್ಲಮ್ಮ. ಪರವಾಗಿಲ್ಲ."

"ಸಿಕ್ಕಿಹಾಕ್ಕೊಂಡ್ರು!" ಎಂದು ಬಡಗಿ ಕೂಗಿದ. "ತನ್ನಿ ಬುಟ್ಟಿ, ಹತ್ತು ಸಲ ಮರಳು!" ಎಲ್ಲರೂ ನಕ್ಕರು, ಕಂಡಕ್ಟರಮ್ಮನೂ ನಕ್ಕಳು. ಅಜ್ಜಿ ನಗಲಿಲ್ಲ. ಕುರ್ಚಿಯ ಪಕ್ಕದಲ್ಲಿ ಬಣ್ಣದ ಡಬ್ಬವೊಂದರ ಮೇಲೆ ಕುಳಿತು ಕೇಳಿದಳು:

"ಮಗಳು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗ್ತಾಳೆ?"

"ಏಳಕ್ಕೆ. ಬಟ್ಟೆ ಒಗೆಯೋ ಕಾರ್ಖಾನೆ. ಬರೋದು ಸಂಜೆ ಆರಾಗುತ್ತೆ, ಮಧ್ಯೆ ಬಿಡಲ್ಲ."

"ಅಲ್ಲಿವರೆಗೂ ಬಚ್ಚಲಿಗೆ?"

ಕಂಡಕ್ಟರಮ್ಮ ತನ್ನ ಮಡಿಲನ್ನು ನೋಡಿಕೊಂಡಳು. "ಬೆಳಿಗ್ಗೆಯಿಂದ ನೀರು ಕುಡಿಯಲ್ಲಮ್ಮ, ಅಷ್ಟೇ. ಅಭ್ಯಾಸ ಆಗಿಹೋಗಿದೆ."

ಅಜ್ಜಿ ಎದ್ದು ಬಚ್ಚಲ ಬಾಗಿಲಿಗೆ ಹೋಗಿ ಚೌಕಟ್ಟಿನ ಮೇಲೆ ಬೆರಳಾಡಿಸಿದಳು. ಎರಡೂ ಕಡೆ, ಗಾಲಿಯ ಎತ್ತರಕ್ಕೆ, ಚರ್ಮ ತರಚಿದ ಒದ್ದೆ ಗುರುತು. ಕುರ್ಚಿ ಹೋಗುತ್ತಿತ್ತು. ಆದರೆ ಕುರ್ಚಿ ತಾನಾಗಿ ಹೋಗುವುದಿಲ್ಲವಲ್ಲ! ಗಾಲಿಯನ್ನು ಹೊರಗಿನಿಂದ ಹಿಡಿದು ತಿರುಗಿಸುವ ಎರಡು ಕೈಗಳಿವೆ, ಅಗಲಕ್ಕೆ ಚಾಚುವ ಎರಡು ಮೊಣಕೈಗಳಿವೆ. ಜೀವಮಾನವೆಲ್ಲ ಮನುಷ್ಯರನ್ನು ಮುಂದೆ ನಿಲ್ಲಿಸಿಕೊಂಡು, ತೋಳೆತ್ತಿ, ಉಸಿರು ಬಿಡಿ ಎಂದು ಅಳತೆ ತೆಗೆದ ದರ್ಜಿ, ಇಲ್ಲಿ ಖಾಲಿ ಕುರ್ಚಿಯ ಅಳತೆ ತೆಗೆದಿದ್ದಳು. ಗೂಟಕ್ಕೆ ಸರಿಯಾಗಿ ಅಂಗಿ ಹೊಲಿದಿದ್ದಳು.

ಟೇಪು ತೆಗೆದು, ಕಂಡಕ್ಟರಮ್ಮನನ್ನು ಕುರ್ಚಿಯಲ್ಲಿ ಕೂತಂತೆಯೇ, ಕೈ ಗಾಲಿಯ ಮೇಲಿಟ್ಟಂತೆಯೇ ಅಳೆದಳು. ಮೂವತ್ತನಾಲ್ಕು. ಮೂರಡಿ ಬಾಗಿಲು ಬೇಕಿತ್ತು. ಒಂಬತ್ತು ಇಂಚು ಕಡಿಮೆ.

"ಗೋಡೆ ಒಡೀಬೇಕು," ಎಂದಳು.

ಮೇಷ್ಟ್ರು ಕಂಗಾಲಾದರು. "ಅಜ್ಜಿ, ಇನ್ನು ನಾಲ್ಕೇ ದಿನ! ಬಣ್ಣ ಕೂಡ ಬಳಿದಾಗಿದೆ. ಯಾರಾದ್ರೂ ಹಿಂದಿನಿಂದ ತಳ್ಳಿದ್ರೆ ಆರಾಮಾಗಿ ಹೋಗುತ್ತಲ್ಲ?"

"ಮೇಷ್ಟ್ರೇ, ನಿಮ್ಮನ್ನ ಬಚ್ಚಲಿಗೆ ಯಾರು ತಳ್ಕೊಂಡು ಹೋಗ್ತಾರೆ?"

ಆದರೆ ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಕಂಡಕ್ಟರಮ್ಮ. ಅಜ್ಜಿಯ ಕೈ ಹಿಡಿದುಕೊಂಡಳು. "ಬೇಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಬಿಟ್ಟಿ ತಗೊಂಡಿದ್ದಲ್ದೆ ಕೊಂಕು ಬೇರೆ ತೆಗೀತಾಳೆ ಅಂತಾರೆ ಜನ. ಇಷ್ಟು ದಿನ ಹೇಗೋ ಆಯ್ತು, ಇನ್ಮುಂದೂ ಆಗುತ್ತೆ."

ಪ್ರಿಯರೇ, ಅಜ್ಜಿಗೆ ಆಗ ಹೊಳೆದದ್ದನ್ನು ನಾವೂ ಮನಸ್ಸಿಗೆ ತಂದುಕೊಳ್ಳಬೇಕು. ಕೊಡುವವರ ಬಾಯಿಂದ 'ಪರವಾಗಿಲ್ಲ' ಎಂಬ ಮಾತನ್ನು ಅಟ್ಟಲು ಅವರು ಐವತ್ತು ವರ್ಷ ಮರಳು ಹೊರಿಸಿದ್ದರು. ಪಡೆಯುವವರ ಬಾಯಲ್ಲಿ ಅದು ಹೇಗೆ ಅಡಗಿ ಕೂತಿರುತ್ತದೆಂದು ಯಾರೂ ನೋಡಿರಲಿಲ್ಲ. ನಮ್ಮ ನಾಲಿಗೆಯಲ್ಲಿ ಅದು ಸೋಮಾರಿತನ. ಅವರ ನಾಲಿಗೆಯಲ್ಲಿ ಅದು ಸಂಕೋಚ, ಭಯ, ನುಂಗಿಕೊಂಡ ನೋವು.

"ಕಂಡಕ್ಟರಮ್ಮ," ಎಂದಳು ಅಜ್ಜಿ, "ನನ್ನ ಹತ್ರ ರವಿಕೆ ಹೊಲಿಸಿ, ತೋಳು ಏರದಿದ್ರೆ ಸುಮ್ನೆ ಮಡಿಚಿ ಪೆಟ್ಟಿಗೇಲಿ ಇಟ್ಕೋತೀರಾ? ಮುಖದ ಮೇಲೆ ಎಸೆದು, ಬಿಚ್ಚಿ ಹೊಲಿಯೇ ಅಂತೀರಿ. ಇದೂ ಹಾಗೇ. ತಪ್ಪು ಹೊಲಿದೋಳು ನಾನು. ಬಿಚ್ಚಿ ಹೊಲೀತೀನಿ."

ಬಡಗಿ ಆಕೆಯನ್ನು ಪಕ್ಕಕ್ಕೆ ಕರೆದ. ಆತನ ದನಿಯಲ್ಲಿ ಮೊದಲ ಬಾರಿಗೆ ತಮಾಷೆ ಇರಲಿಲ್ಲ. "ನೋಡು, ಫಲಕ ಬರೆಸಿಬಿಟ್ಟಿದ್ದಾರೆ. ಭಾನುವಾರ ನಿನ್ನ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಬರ್ತಾರೆ. ಚೌಕಟ್ಟು ಮಾಡಿದ್ದು ನಾನು. ಅಳತೆ ತಪ್ಪಿದ್ದೂ ನಾನೇ ಅಂದುಬಿಡ್ತೀನಿ. ನನ್ನ ಹೆಸರಿಗೆ ಎಷ್ಟೋ ಇವೆ, ಇದೊಂದು ಭಾರ ಆಗಲ್ಲ."

ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಅಜ್ಜಿಯೂ ಮನುಷ್ಯಳೇ ತಾನೆ! ಐವತ್ತೊಂದು ವರ್ಷದ ಹೆಸರು ಹಿತ್ತಾಳೆಯ ಮೇಲೆ ಹೊಳೆಯುವುದನ್ನು ನೋಡಲು ಯಾರಿಗೆ ಆಸೆಯಿರದು? ಆಕೆಯ ತುಟಿ ಅಲುಗಿತು. ಪ್ರಾರ್ಥಿಸಿದಳೋ, ತನ್ನನ್ನೇ ಬೈದುಕೊಂಡಳೋ, ಅದು ಆಕೆಗೂ ಆಕೆಯನ್ನು ಮಣ್ಣಿನಿಂದ ರೂಪಿಸಿದವನಿಗೂ ಸೇರಿದ ವಿಷಯ.

"ನೀನು ಒಳ್ಳೆಯವನು ಕಣೋ," ಎಂದಳು. "ಆದ್ರೆ ಇವತ್ತು ನಾನು ಸುಳ್ಳು ಹೇಳಿದ್ರೆ, ನಾಳೆ ಇಲ್ಲಿ ಇನ್ಯಾರು ತಪ್ಪು ಒಪ್ಕೋತಾರೆ? ಹೋಗಿ ಮರ ತೆಗಿ."

ಅಂಗಳದಲ್ಲಿದ್ದ ಇಪ್ಪತ್ತು ಜನರನ್ನೂ ಒಳಗೆ ಕರೆದು, ಅಳತೆ ತಾನು ತೆಗೆದದ್ದು, ತಪ್ಪು ತನ್ನದು, ಅದು ಹೇಗಾಯಿತು ಎಂದು ಬಿಡಿಸಿ ಹೇಳಿದಳು. ಆಕೆ ಸುತ್ತಿಗೆ ಕೈಗೆತ್ತಿಕೊಂಡು, ತಾನೇ ನುಣ್ಣಗೆ ಗಾರೆ ಬಳಿದಿದ್ದ ಗೋಡೆಗೆ ಮೊದಲ ಏಟು ಹಾಕಿದಳು.

ಆಮೇಲಿನ ನಾಲ್ಕು ದಿನ ನೋಡಬೇಕಿತ್ತು! ಶನಿವಾರ ಮಾತ್ರ ಬರುತ್ತಿದ್ದವರು ಕೆಲಸ ಮುಗಿಸಿ ಪ್ರತಿ ಸಂಜೆ ಬಂದರು. ಒಬ್ಬರು ಹಳೆಯ ಇಟ್ಟಿಗೆಗೆ ಅಂಟಿದ ಗಾರೆ ಕೆರೆದರು, ಒಬ್ಬರು ಬಾಗಿಲ ಮೇಲಿಡುವ ಸಿದ್ಧ ತೊಲೆ ತಂದರು. ಬಡಗಿ ಒಂದೇ ದಿನದಲ್ಲಿ ಮೂರಡಿ ಬಾಗಿಲಿನ ಚೌಕಟ್ಟು ಮಾಡಿ, ಅದರ ಅಂಚುಗಳನ್ನು ಕೈಗೆ ತಾಗದಂತೆ ಉಜ್ಜಿ ಗುಂಡಗೆ ಮಾಡಿದ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ನೀರು ಹೊತ್ತರು. ಅಜ್ಜಿ ಬೆಳಗಿನಿಂದ ಮಣೆಯ ಮೇಲೆ ಕುಳಿತು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಳು. ಗೋಡೆ ಎದೆಮಟ್ಟ ಬಂದಾಗ ಕಂಡಕ್ಟರಮ್ಮನನ್ನು ಕರೆಸಿ, ಎರಡು ಬಾರಿ ಒಳಗೂ ಹೊರಗೂ ಹೋಗಿಸಿ ನೋಡಿದ ಮೇಲೆಯೇ ಮುಂದಿನ ಸಾಲು ಏರಿಸಿದಳು.

ಭಾನುವಾರ ಬಂತು. ಬೆಳ್ಳಗೆ ಹೊಳೆಯುವ ಮನೆಯಲ್ಲಿ ಆ ಒಂದು ಗೋಡೆ ಮಾತ್ರ ಬಣ್ಣವಿಲ್ಲದೆ, ಹಸಿ ಗಾರೆಯ ಕಪ್ಪಿನಲ್ಲಿ ನಿಂತಿತ್ತು. ಅತಿಥಿಗಳು ಅದನ್ನೇ ನೋಡಿ ಪಿಸುಗುಟ್ಟಿದರು. ಮೇಷ್ಟ್ರು ಫಲಕ ಎತ್ತಿಕೊಂಡೊಡನೆ ಅಜ್ಜಿ ಎದ್ದು ನಿಂತು, ಆ ಗೋಡೆ ಏಕೆ ಹಸಿಯಾಗಿದೆಯೆಂದು ಮಕ್ಕಳು ಮೊಮ್ಮಕ್ಕಳ ಮುಂದೆಯೇ ಹೇಳಿ, "ಇದರ ಮೇಲೆ ಬರೆದಿರೋದು ನಿಜ ಅಲ್ಲ, ನಾನು ತಗೊಳಲ್ಲ," ಎಂದು ಕುಳಿತಳು.

"ನೋಡಿ ಇವಳ ಅನ್ಯಾಯ!" ಎಂದು ಬಡಗಿ ಕೂಗಿದ. "ಐವತ್ತೊಂದು ವರ್ಷದಿಂದ ಇವಳ ಇನ್ನೊಂದು ತಪ್ಪಿಗೆ ಕಾಯ್ತಾ ಇದ್ದೆ. ಸಿಕ್ತು ಅನ್ನೋಷ್ಟರಲ್ಲಿ ತಾನೇ ಹೇಳಿಬಿಟ್ಟಳು!"

ನಗುವಿನ ನಡುವೆ ಮಗಳು ತಾಯಿಯ ಕುರ್ಚಿಯ ಹಿಂದೆ ಬಂದು ನಿಂತಳು. ಕಂಡಕ್ಟರಮ್ಮ ಕೈಯೆತ್ತಿ ತಡೆದಳು. ಎರಡೂ ಅಂಗೈಗಳನ್ನು ಗಾಲಿಯ ಮೇಲಿಟ್ಟು, ಮೊಣಕೈಗಳನ್ನು ಧಾರಾಳವಾಗಿ ಚಾಚಿ, ಒಬ್ಬಳೇ ಹಸಿ ಗೋಡೆಯ ಬಾಗಿಲನ್ನು ದಾಟಿದಳು. ಒಳಗೆ ಹೋಗಿ ಕುರ್ಚಿ ತಿರುಗಿಸಿಕೊಂಡಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಎರಡು ವರ್ಷಗಳಲ್ಲಿ ಆಕೆ ತನ್ನ ಕೈಯಾರೆ ಹಾಕಿಕೊಂಡ ಮೊದಲ ಚಿಲಕ ಅದು.

ಒಳಗಿನಿಂದ, ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವಂಥ ಗಂಟಲಿನಲ್ಲಿ ಕೂಗು ಬಂತು: "ರೈಟ್, ರೈಟ್! ಬಾಗಿಲ ಹತ್ರ ನಿಂತೋರೆಲ್ಲಾ ಮುಂದಕ್ಕೆ ಹೋಗಿ! ಏನು ನೋಡ್ತೀರಾ ಅಲ್ಲಿ?"

ಅಜ್ಜಿಯ ಮೊಮ್ಮಗಳು, "ಆ ಬಾಗಿಲು ನಮ್ಮಜ್ಜಿ ಮಾಡಿದ್ದು," ಎಂದು ಪಕ್ಕದವರಿಗೆ ಹೇಳಿದಳು. ಅಜ್ಜಿ ಕಣ್ಣೊರೆಸಿಕೊಳ್ಳುತ್ತ, ಬಾಗಿಲು ಬಡಗಿತಾತ ಮಾಡಿದ್ದು, ಗೋಡೆ ಮಾತ್ರ ತನ್ನದು ಎಂದು ತಿದ್ದಿದಳು.

ಆಕೆಗೀಗ ಎಪ್ಪತ್ತಮೂರು. ಸಂಘದ ಕೆಲಸದಲ್ಲಿ ಈಗ ಒಂದು ಹೊಸ ಪದ್ಧತಿಯಿದೆ. ಒಳಗಿನ ಗೋಡೆಗಳು ಏಳುವ ಮುನ್ನ, ಮನೆ ಯಾರದೋ ಅವರನ್ನು ಕರೆಸಿ, ನೆಲದ ಮೇಲೆ ಸುಣ್ಣದಲ್ಲಿ ಕೋಣೆಗಳ ಗೆರೆ ಎಳೆದು, ಅವರು ಅಲ್ಲಿ ನಡೆಯುವುದನ್ನೂ ಕೂರುವುದನ್ನೂ ಬಾಗುವುದನ್ನೂ ನೋಡುತ್ತಾರೆ. ಪಕ್ಕದಲ್ಲಿ ಮಣೆಯ ಮೇಲೆ ಕುಳಿತ ಅಜ್ಜಿ, ಅವರು ಬಾಯಿಬಿಟ್ಟು ತಮ್ಮ ಬೇಕು ಬೇಡಗಳನ್ನು ಹೇಳುವ ತನಕ ಬಿಡುವುದಿಲ್ಲ.

ಪ್ರಿಯರೇ, ಕೇಳಿದಿರಿ. ಇನ್ನು ಏಳಿರಿ. ನಿಮಗೆ ಹತ್ತೊಂಬತ್ತಿರಲಿ, ಎಪ್ಪತ್ತಿರಲಿ. ಕೈ ಸೂಜಿ ಹಿಡಿದದ್ದಾಗಿರಲಿ, ಲೇಖನಿ ಹಿಡಿದದ್ದಾಗಿರಲಿ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ತಲೆಯ ಮೇಲೆ ಸರಿಯಾದ ಸೂರಿಲ್ಲದ ಒಂದು ಸಂಸಾರವಿದೆ. ಬರುವ ಶನಿವಾರ ಹೋಗಿರಿ. ಹೋದಾಗ, ಏನನ್ನಾದರೂ ಎತ್ತಿಕೊಡುವ ಮೊದಲು, ಅವರ ಪಕ್ಕದಲ್ಲಿ ಕುಳಿತು ಏನು ಬೇಕೆಂದು ಕೇಳಿರಿ. ಅವರು ಸಂಕೋಚದಿಂದ ಏನೂ ಬೇಡವೆಂದರೆ, ದಯವಿಟ್ಟು, ಇನ್ನೊಮ್ಮೆ ಕೇಳಿರಿ.